ಬಾಡಿಗೆಮನೆಯ ಅಂಗಳದಲ್ಲಿ ಉಳಿದುಹೋದ ಗಾಡಿಗಳು: ಕಾನೂನಿನ ದಾರಿಯಲ್ಲಿ ತೆರವು ಮಾಡಿಸಿದ ನನ್ನ ಅನುಭವ

ಕಾರವಾರದಲ್ಲಿ ಮನೆ ಬಾಡಿಗೆಗೆ ಕೊಡುವವರಿಗೆ ಬೇರೆ ಊರಿನವರಿಗಿಲ್ಲದ ಒಂದು ತೊಂದರೆಯಿದೆ. ಕೈಗಾ ಅಣುವಿದ್ಯುತ್ ಸ್ಥಾವರಕ್ಕೂ ಅರ್ಗಾದ ಸೀಬರ್ಡ್ ನೌಕಾನೆಲೆಗೂ ಗುತ್ತಿಗೆ ಕೆಲಸಕ್ಕೆಂದು ಬರುವ ಕುಟುಂಬಗಳು ವರ್ಷವೋ ಎರಡು ವರ್ಷವೋ ಇದ್ದು, ಕೆಲಸ ಮುಗಿದ ಕೂಡಲೇ ಊರಿಗೋ ಮುಂದಿನ ಕಾಮಗಾರಿಯ ಜಾಗಕ್ಕೋ ಹೊರಟುಬಿಡುತ್ತವೆ. ಸಾಮಾನುಗಳೆಲ್ಲ ಲಾರಿ ಹತ್ತುತ್ತವೆ. ಕೆಟ್ಟು ನಿಂತ ಕಾರೋ ಬೈಕೋ ಮಾತ್ರ "ಮುಂದಿನ ತಿಂಗಳು ಬಂದು ಒಯ್ಯುತ್ತೇವೆ" ಎಂಬ ಮಾತಿನೊಂದಿಗೆ ಅಂಗಳದಲ್ಲಿ ಉಳಿಯುತ್ತದೆ. ಕೋಡಿಬಾಗದಲ್ಲಿರುವ ನಮ್ಮ ಮನೆತನದ ಬಾಡಿಗೆಮನೆಗಳನ್ನು ನೋಡಿಕೊಳ್ಳುವ ಹೊಣೆ ನನ್ನ ಮೇಲೆ ಬಂದಾಗಿನಿಂದ ಇಂಥ ಹಲವು ವಾಹನಗಳನ್ನು ಕಾನೂನುಬದ್ಧವಾಗಿ ತೆರವು ಮಾಡಿಸಿದ್ದೇನೆ. ಅವುಗಳಲ್ಲಿ ಮೂರರ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಒಂದೊಂದರ ದಾರಿಯೂ ಬೇರೆಯಾಗಿತ್ತು.

ನಮ್ಮ ಜಾಗದಲ್ಲಿ ಎಷ್ಟು ವರ್ಷ ನಿಂತರೂ ಗಾಡಿ ನಮ್ಮದಾಗುವುದಿಲ್ಲ. ನಮಗಿರುವುದು ಜಾಗವನ್ನು ಖಾಲಿ ಮಾಡಿಸಿಕೊಳ್ಳುವ ಹಕ್ಕು. ಗಾಡಿಯ ಒಡೆತನ ಆರ್‌ಸಿಯಲ್ಲಿ (ನೋಂದಣಿ ಪ್ರಮಾಣಪತ್ರದಲ್ಲಿ) ಹೆಸರಿರುವವರದ್ದು, ಸಾಲವಿದ್ದರೆ ಅದರ ಮೇಲೆ ಬ್ಯಾಂಕಿನ ಹಕ್ಕೂ ಸೇರಿರುತ್ತದೆ. ಬಾಡಿಗೆ ಬಾಕಿಯಿದೆ ಎಂಬ ಕಾರಣಕ್ಕೆ ಮನೆಯ ಮಾಲೀಕರು ಗಾಡಿಯನ್ನು ಮಾರಿಕೊಳ್ಳುವಂತಿಲ್ಲ. ಬಾಕಿ ವಸೂಲಿಗೆ ಸಿವಿಲ್ ನ್ಯಾಯಾಲಯವಿದೆ, ಅದು ಪ್ರತ್ಯೇಕ ವಿಷಯ. ಈ ಎರಡನ್ನೂ ಒಂದೇ ನೋಟಿಸಿನಲ್ಲಿ ಬೆರೆಸಬಾರದೆಂದು ನಮ್ಮ ವಕೀಲರು ಹೇಳಿದ ಮಾತನ್ನು ನಾನು ಇಂದಿಗೂ ಪಾಲಿಸುತ್ತೇನೆ.

ಮೋಟಾರು ವಾಹನಗಳ ಕಾಯ್ದೆಯ 127ನೇ ಕಲಂ ನಮ್ಮ ಅಂಗಳಕ್ಕೂ ಅನ್ವಯವಾಗುತ್ತದೆಂದು ಹಲವರು ಭಾವಿಸುತ್ತಾರೆ, ಆದರೆ ಅದು ಅನ್ವಯವಾಗುವುದಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಬಿಟ್ಟುಹೋದ ವಾಹನವನ್ನು ಎಳೆದೊಯ್ಯಿಸಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ ಆ ಕಲಂ ಅಧಿಕಾರ ಕೊಡುತ್ತದೆ. ಹಾಗಾದರೆ ಗಾಡಿಯನ್ನು ನಾವೇ ರಸ್ತೆಗೆ ತಳ್ಳಿಬಿಟ್ಟರಾಯಿತಲ್ಲ ಎಂದು ಸಲಹೆ ಕೊಡುವವರಿಗೆ ಕೊರತೆಯಿಲ್ಲ. ಬ್ರೇಕ್ ಕೆಲಸ ಮಾಡದ, ವಿಮೆ ಮುಗಿದ ಗಾಡಿಯನ್ನು ರಸ್ತೆಗೆ ಬಿಟ್ಟು, ಅದರಿಂದ ಯಾರಿಗಾದರೂ ಪೆಟ್ಟಾದರೆ ಹೊಣೆ ತಳ್ಳಿದವರ ತಲೆಗೇ ಬರುತ್ತದೆ. ಈ ದಾರಿಯನ್ನು ನಾನು ಎಂದೂ ತುಳಿದಿಲ್ಲ, ತುಳಿಯಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಮೊದಲನೆಯದು ಬಾಡಿಗೆದಾರರೊಬ್ಬರು ಬಿಟ್ಟುಹೋದ ಕಾರು. ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರು ಹಾಕಿ ನೋಡಿದಾಗ ಮಾಲೀಕರ ಹೆಸರಿನ ಕೆಲವು ಅಕ್ಷರಗಳು ಮಾತ್ರ ಕಂಡವು, ಉಳಿದವು ನಕ್ಷತ್ರ ಚಿಹ್ನೆಗಳು. ಆದರೂ ವಿಮೆ ಮುಗಿದಿರುವುದು ಮತ್ತು ಗಾಡಿಯ ಮೇಲೆ ಸಾಲವಿರುವುದು ಅಲ್ಲಿಯೇ ತಿಳಿಯಿತು. ಹೆಸರಿನ ಅಕ್ಷರಗಳು ಬಾಡಿಗೆ ಕರಾರುಪತ್ರದ ಹೆಸರಿಗೆ ಹೊಂದುತ್ತಿದ್ದವು; ಕರಾರಿನಲ್ಲಿ ಖಾಯಂ ವಿಳಾಸವೂ ಇತ್ತು. ಗಾಡಿಯನ್ನು ನಾಲ್ಕೂ ಕಡೆಯಿಂದ, ನಂಬರ್ ಪ್ಲೇಟ್ ಸ್ಪಷ್ಟವಾಗಿ ಕಾಣುವಂತೆ, ಅದು ನಿಂತ ಜಾಗದ ಗುರುತು ಸಿಗುವಂತೆ ಫೋಟೊ ತೆಗೆದೆ. ಬಾಗಿಲನ್ನು ತೆರೆಯಲಿಲ್ಲ, ತೆರೆಯಲು ಯಾರಿಗೂ ಬಿಡಲಿಲ್ಲ. ಗಾಜಿನಾಚೆ ಕಂಡದ್ದನ್ನಷ್ಟೇ ಬರೆದಿಟ್ಟೆ. ಒಳಗಿದ್ದ ವಸ್ತು ಕಾಣೆಯಾಯಿತೆಂಬ ಮಾತು ಮುಂದೆ ಬರಬಾರದಾದರೆ ಈ ಎಚ್ಚರ ಬೇಕೇ ಬೇಕು.

ನೋಟಿಸು ಒಂದೂವರೆ ಪುಟದ್ದು. ವಾಹನದ ವಿವರ, ಅದು ಎಂದಿನಿಂದ ಎಲ್ಲಿ ನಿಂತಿದೆ, ಎಷ್ಟು ದಿನದೊಳಗೆ ಒಯ್ಯಬೇಕು, ಒಯ್ಯದಿದ್ದರೆ ಪೊಲೀಸ್ ಠಾಣೆ ಮತ್ತು ನ್ಯಾಯಾಲಯದ ಮೊರೆ ಹೋಗುತ್ತೇನೆ ಎಂಬಿಷ್ಟು ಅದರಲ್ಲಿತ್ತು. ಮಾರುತ್ತೇನೆ ಎಂಬ ಬೆದರಿಕೆ ಇರಲಿಲ್ಲ; ಗಾಡಿಯ ಒಡೆತನದಲ್ಲಿ ನನಗೆ ಯಾವ ಹಕ್ಕೂ ಬೇಡವೆಂಬ ಒಂದು ವಾಕ್ಯವನ್ನು ವಕೀಲರು ಒತ್ತಾಯಿಸಿ ಸೇರಿಸಿದರು. ಆಗಿನ್ನೂ ರಿಜಿಸ್ಟರ್ಡ್ ಅಂಚೆಯಿತ್ತು. 2025ರಲ್ಲಿ ಅದು ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ. ಸರಿಯಾದ ವಿಳಾಸ ಬರೆದು, ಅಂಚೆವೆಚ್ಚ ತೆತ್ತು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದ ಪತ್ರ ತಲುಪಿತೆಂದೇ ಮೊದಲು ಭಾವಿಸಬೇಕೆಂಬ ನಿಯಮ 1897ರ ಸಾಮಾನ್ಯ ವಾಕ್ಯಖಂಡಗಳ ಕಾಯ್ದೆಯ (ಜನರಲ್ ಕ್ಲಾಸಸ್ ಆ್ಯಕ್ಟ್) 27ನೇ ಕಲಂನಲ್ಲಿದೆ. ನನ್ನ ಲಕೋಟೆ "ವಿಳಾಸದಾರರು ಇಲ್ಲಿಲ್ಲ" ಎಂಬ ಷರಾದೊಂದಿಗೆ ಹಿಂದಿರುಗಿತು. ಅದನ್ನು ನಾನು ಒಡೆಯಲಿಲ್ಲ. ಷರಾ, ಅಂಚೆಯವರ ಮುದ್ರೆ, ತಾರೀಖು ಎಲ್ಲವೂ ಲಕೋಟೆಯ ಮೇಲೆಯೇ ಇರುತ್ತವೆ, ಮತ್ತು ಒಳಗಿರುವುದು ಅದೇ ನೋಟಿಸು ಎಂದು ತೋರಿಸಲು ಲಕೋಟೆ ಮುಚ್ಚಿಯೇ ಇರಬೇಕಾಗುತ್ತದೆ. ಅದೇ ನೋಟಿಸಿನ ಫೋಟೊವನ್ನು ವಾಟ್ಸ್‌ಆ್ಯಪಿನಲ್ಲಿಯೂ ಕಳುಹಿಸಿದ್ದೆ. ಎರಡು ನೀಲಿ ಗೆರೆ ಮೂಡಿದವು, ಉತ್ತರ ಬರಲಿಲ್ಲ.

ಬಳಿಕ ಠಾಣೆಗೆ ಅರ್ಜಿ ಕೊಟ್ಟೆ. ಇಂಥ ಅರ್ಜಿಯಲ್ಲಿ ಅಪರಾಧವೇನೂ ಇಲ್ಲದಿರುವುದರಿಂದ ಎಫ್‌ಐಆರ್ ಆಗುವುದಿಲ್ಲ, ಆಗಬೇಕೆಂದು ಹಟ ಹಿಡಿಯುವ ಅಗತ್ಯವೂ ಇಲ್ಲ. ನಮಗೆ ಬೇಕಾದದ್ದು ಅರ್ಜಿ ತಲುಪಿದ ಸ್ವೀಕೃತಿ ಮತ್ತು ವಿಚಾರಣೆಯ ನಂತರದ ಹಿಂಬರಹ. ವಾಹನ ಕಳವಿನ ಪಟ್ಟಿಯಲ್ಲಿಲ್ಲ, ಇದು ಸಿವಿಲ್ ಸ್ವರೂಪದ ವಿಷಯ ಎಂದು ಅವರು ಬರೆದುಕೊಟ್ಟ ಹಿಂಬರಹವೇ ಮುಂದಿನ ಎಲ್ಲ ಬಾಗಿಲುಗಳಲ್ಲಿ ನನ್ನ ಕೈಹಿಡಿಯಿತು. ಆರ್‌ಟಿಓದಲ್ಲಿ ಬಿ ಎಕ್ಸ್‌ಟ್ರಾಕ್ಟ್, ಅಂದರೆ ವಾಹನದ ನೋಂದಣಿ ದಾಖಲೆಯ ಪ್ರತಿ, ಕೇಳಲು ಹೋದಾಗಲೂ ಅದನ್ನೇ ಲಗತ್ತಿಸಿದೆ. ಮಾಲೀಕರ ನೋಂದಾಯಿತ ವಿಳಾಸ, ಎಂಜಿನ್ ಮತ್ತು ಚಾಸಿಸ್ ಸಂಖ್ಯೆ, ಸಾಲ ಕೊಟ್ಟವರ ಹೆಸರು ಎಲ್ಲವೂ ಆ ಒಂದು ಹಾಳೆಯಲ್ಲಿರುತ್ತವೆ.

ಸಾಲ ಕೊಟ್ಟ ಬ್ಯಾಂಕಿಗೆ ಪತ್ರ ಬರೆದದ್ದೇ ಈ ಪ್ರಕರಣದ ಗಂಟು ಬಿಡಿಸಿತು. ಕಂತು ಕಟ್ಟದ ಗಾಡಿ ಎಲ್ಲಿದೆಯೆಂದು ಅವರೂ ಹುಡುಕುತ್ತಿದ್ದರು. ಸ್ವಾಧೀನಕ್ಕೆ ಪಡೆದ ವಾಹನದ ಆರ್‌ಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಮೋಟಾರು ವಾಹನಗಳ ಕಾಯ್ದೆಯ 51ನೇ ಕಲಂ ಸಾಲ ಕೊಟ್ಟವರಿಗೆ ಅವಕಾಶ ಕೊಡುತ್ತದೆ. ನಮಗೆ ಅಂಥ ಅವಕಾಶವಿಲ್ಲ. ಬ್ಯಾಂಕಿನ ಪ್ರತಿನಿಧಿ ಬಂದಾಗ ಅಧಿಕಾರಪತ್ರ, ಗುರುತಿನ ಚೀಟಿಯ ಪ್ರತಿ ಮತ್ತು ಠಾಣೆಗೆ ಮಾಹಿತಿ ಕೊಟ್ಟ ಪತ್ರದ ಪ್ರತಿ ಮೂರನ್ನೂ ಪಡೆದೆ. ಒಳಗಿದ್ದ ಸಾಮಾನುಗಳನ್ನು ಪಟ್ಟಿ ಮಾಡಿಸಿ, ನೆರೆಯವರಿಬ್ಬರ ಸಹಿಯೊಂದಿಗೆ ಹಸ್ತಾಂತರದ ರಸೀದಿ ಬರೆಸಿಕೊಂಡೆ.

ಗಾಡಿಯನ್ನು ಕದಲಿಸುವುದೇ ಒಂದು ದೊಡ್ಡ ಕೆಲಸವಾಯಿತು. ಕಡಲ ಉಪ್ಪುಗಾಳಿಗೆ ಹಿಂದಿನ ಬ್ರೇಕ್ ಶೂಗಳು ಡ್ರಮ್ಮಿಗೆ ಕಚ್ಚಿಕೊಂಡಿದ್ದವು. ಹ್ಯಾಂಡ್‌ಬ್ರೇಕ್ ಬಿಡಿಸಿದರೂ ಚಕ್ರ ತಿರುಗಲಿಲ್ಲ. ಮೆಕ್ಯಾನಿಕ್ ಚಕ್ರ ಕಳಚಿ, ಡ್ರಮ್ಮಿನ ಅಂಚಿಗೆ ಸುತ್ತಲೂ ಮೆಲ್ಲಗೆ ಸುತ್ತಿಗೆಯಿಂದ ತಟ್ಟುತ್ತ ಹೋದಂತೆ ಕೆಂಪು ತುಕ್ಕು ಪುಡಿಪುಡಿಯಾಗಿ ಉದುರಿತು. ಕೊನೆಗೊಮ್ಮೆ ಟಕ್ಕೆಂಬ ಸದ್ದಿನೊಡನೆ ಡ್ರಮ್ಮು ಬಿಟ್ಟುಕೊಂಡಿತು. ನಮ್ಮ ಕರಾವಳಿಯಲ್ಲಿ ಬಹಳ ದಿನ ನಿಲ್ಲಿಸುವ ಗಾಡಿಗೆ ಹ್ಯಾಂಡ್‌ಬ್ರೇಕ್ ಹಾಕದೆ, ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಡುವುದು ಒಳ್ಳೆಯದು.

ಎರಡನೆಯದು ನಂಬರ್ ಪ್ಲೇಟ್ ಇಲ್ಲದ ಬೈಕು. ಹಿತ್ತಿಲ ತೆಂಗಿನ ತೋಟದ ಅಂಚಿನಲ್ಲಿ ಯಾರೋ ತಂದು ನಿಲ್ಲಿಸಿ ಹೋಗಿದ್ದರು. ಇಂಥದ್ದಕ್ಕೆ ನೋಟಿಸು, ಅಂಚೆ ಯಾವುದೂ ಬೇಡ, ಅದೇ ದಿನ ಠಾಣೆಗೆ ತಿಳಿಸಬೇಕು, ಗಾಡಿಯನ್ನು ಮುಟ್ಟಬಾರದು. ಪೊಲೀಸರು ಬಂದು ಹ್ಯಾಂಡಲ್ಲಿನ ಕೆಳಗೆ ಚೌಕಟ್ಟಿನ ಕತ್ತಿನ ಮೇಲಿರುವ ಚಾಸಿಸ್ ಸಂಖ್ಯೆಯ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ತಿಕ್ಕಿದರು. ಹದಿನೇಳು ಅಕ್ಷರ–ಅಂಕಿಗಳಿರಬೇಕಾದ ಸಾಲಿನಲ್ಲಿ ಮೊದಲಿನವು ಸ್ಪಷ್ಟವಾಗಿ ಮೂಡಿದವು; ಕೊನೆಯ ಕೆಲವು ಇರಬೇಕಾದಲ್ಲಿ ಅರದಿಂದ ಉಜ್ಜಿದ ಅಡ್ಡಗೆರೆಗಳು ಮಾತ್ರ ಕಾಗದಕ್ಕೆ ಬಂದವು. ಅಲ್ಲಿಗೆ ಅದು ಕಳವಿನ ಮಾಲಿರಬಹುದೆಂಬ ಶಂಕೆ ಗಟ್ಟಿಯಾಯಿತು. ಪಂಚರ ಸಮಕ್ಷಮ ಮಹಜರು ಬರೆದು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಕಲಂನಡಿ ಬೈಕನ್ನು ಜಪ್ತಿ ಮಾಡಿ ಒಯ್ದರು. ನಮ್ಮ ಜಾಗ ಅಂದೇ ಖಾಲಿಯಾಯಿತು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಈ ಸಂಹಿತೆಯಲ್ಲಿ ಮುಂದಿನ ಹಾದಿ ಹೀಗಿದೆ. ಜಪ್ತಿಯ ವರದಿ ಮ್ಯಾಜಿಸ್ಟ್ರೇಟರಿಗೆ ಹೋಗುತ್ತದೆ. ಮಾಲೀಕರು ಯಾರೆಂದು ತಿಳಿಯದಿದ್ದರೆ, ಆರು ತಿಂಗಳೊಳಗೆ ಬಂದು ಹಕ್ಕು ಸಾಬೀತು ಮಾಡಿ ಎಂದು 503ನೇ ಕಲಂನಡಿ ಉದ್ಘೋಷಣೆ ಹೊರಡಿಸಬಹುದು. ಯಾರೂ ಬಾರದಿದ್ದರೆ 504ನೇ ಕಲಂ ಪ್ರಕಾರ ಮಾಲು ಸರ್ಕಾರದ ವಶಕ್ಕೆ ಹೋಗಿ ಹರಾಜಾಗಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇವೇ 457 ಮತ್ತು 458 ಆಗಿದ್ದವು. ಜಪ್ತಿಯಾದ ವಾಹನಗಳನ್ನು ಠಾಣೆಯ ಆವರಣದಲ್ಲಿ ವರ್ಷಗಟ್ಟಲೆ ಕೊಳೆಯಲು ಬಿಡಬಾರದೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಹರಾಜಿನ ಹಣದಲ್ಲಿ ಜಾಗದ ಮಾಲೀಕರಿಗೆ ಪಾಲಿಲ್ಲ, ಅದನ್ನು ಬಯಸುವುದು ಸರಿಯೂ ಅಲ್ಲ.

ಈ ಬೈಕು ಸಿಕ್ಕ ಕಾಲದಲ್ಲಿಯೇ ಗುಜರಿಯವನೊಬ್ಬ ಹಿತ್ತಿಲಿಗೆ ಬಂದು, "ಒಡೆಯಾ, ನೀವು ಹೂಂ ಅಂದ್ರೆ ಸಾಕು, ರಾತ್ರಿ ಒಳಗೆ ಖಾಲಿ ಮಾಡ್ತೆ" ಎಂದಿದ್ದ. ಬಹಳ ಜನ ಸಿಕ್ಕಿಬೀಳುವುದು ಇಲ್ಲಿಯೇ. ಸಿಕ್ಕಿದ ವಸ್ತುವಿನ ಒಡೆಯನನ್ನು ಹುಡುಕಲು ತಕ್ಕ ಪ್ರಯತ್ನ ಮಾಡದೆ ಅದನ್ನು ತನ್ನದಾಗಿಸಿಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂನಡಿ ಅಪರಾಧ. ಅದಕ್ಕೆ ಆರು ತಿಂಗಳಿಂದ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ ಇದೆ. ಕಳೆದುಹೋದ ವಸ್ತು ಸಿಕ್ಕವರು ಕೆಲವು ಸಂದರ್ಭಗಳಲ್ಲಿ ಅದನ್ನು ಮಾರಬಹುದೆಂದು 1872ರ ಕರಾರು ಕಾಯ್ದೆಯ 169ನೇ ಕಲಂನಲ್ಲಿ ಇರುವುದು ನಿಜ. ಆದರೆ ಬಾಡಿಗೆದಾರರು ಗೊತ್ತಿದ್ದೇ ಬಿಟ್ಟುಹೋದ ಕಾರನ್ನು ಕಳೆದುಹೋದ ವಸ್ತುವೆಂದು ಕರೆಯಲಾಗದು. ಹೇಗೋ ಮಾರಿದರೂ ನೋಂದಾಯಿತ ಮಾಲೀಕರ ಸಹಿಯಿರುವ 29 ಮತ್ತು 30ನೇ ನಮೂನೆಗಳಿಲ್ಲದೆ ಕೊಂಡವರ ಹೆಸರಿಗೆ ಆರ್‌ಸಿ ವರ್ಗಾವಣೆಯಾಗುವುದಿಲ್ಲ. ಕುಮಟೆಯಲ್ಲಿ ಗ್ಯಾರೇಜು ನಡೆಸುವ ನನ್ನ ಸ್ನೇಹಿತರಿಗೂ ಇದೇ ಕಷ್ಟ: ರಿಪೇರಿ ಹಣ ಬರುವ ತನಕ ಗಾಡಿಯನ್ನು ಹಿಡಿದಿಟ್ಟುಕೊಳ್ಳಲು ಅದೇ ಕರಾರು ಕಾಯ್ದೆಯ 170ನೇ ಕಲಂ ಅವರಿಗೆ ಹಕ್ಕು ಕೊಡುತ್ತದೆ, ಮಾರುವ ಹಕ್ಕನ್ನು ಕೊಡುವುದಿಲ್ಲ.

ಮೂರನೆಯದು ಶಿರಸಿ ನೋಂದಣಿಯ, ಕೆಎ 31ರ ಹಳೆಯ ವ್ಯಾನು. ಬಿ ಎಕ್ಸ್‌ಟ್ರಾಕ್ಟಿನ ವಿಳಾಸಕ್ಕೆ ಬರೆದ ಪತ್ರಕ್ಕೆ ಮಾಲೀಕರ ಮಗಳು ಉತ್ತರಿಸಿ, ತಂದೆ ತೀರಿಕೊಂಡಿದ್ದಾರೆಂದು ತಿಳಿಸಿದರು. ಆ ವ್ಯಾನು ಇಲ್ಲಿ ಉಳಿದಿರುವುದೇ ಮನೆಯವರಿಗೆ ಗೊತ್ತಿರಲಿಲ್ಲ. ಅವರು ಮರಣ ಪ್ರಮಾಣಪತ್ರ, ವಾರಸಾ ದಾಖಲೆಗಳೊಂದಿಗೆ 31ನೇ ನಮೂನೆಯಲ್ಲಿ ವರ್ಗಾವಣೆ ಮಾಡಿಸಿಕೊಂಡು, ವಾಹನ ಸ್ಕ್ರ್ಯಾಪ್ ಕೇಂದ್ರಗಳ ಕುರಿತ 2021ರ ನಿಯಮಗಳಡಿ ನೋಂದಣಿಯಾದ ಕೇಂದ್ರವೊಂದಕ್ಕೆ ವ್ಯಾನನ್ನು ಒಪ್ಪಿಸಿದರು. ಅಂಥ ಕೇಂದ್ರಗಳು ವಾಹನ ಕಳವಿನ ದಾಖಲೆಯಲ್ಲಿದೆಯೇ ಎಂದು ಪರಿಶೀಲಿಸಿ, ಗಾಡಿ ಒಪ್ಪಿಸಿದ್ದಕ್ಕೆ ಮಾಲೀಕರಿಗೆ ಠೇವಣಿ ಪ್ರಮಾಣಪತ್ರ (ಸರ್ಟಿಫಿಕೇಟ್ ಆಫ್ ಡಿಪಾಸಿಟ್) ಕೊಡುತ್ತವೆ. ನನ್ನ ಕೆಲಸ ಪತ್ರ ಬರೆದು, ಗೇಟು ತೆರೆದುಕೊಡುವಷ್ಟರಲ್ಲಿ ಮುಗಿಯಿತು. ಮಾಲೀಕರನ್ನು ಹುಡುಕಲು ಮೊದಲೇ ಶ್ರಮ ಹಾಕಿದರೆ ಹೆಚ್ಚಿನ ಗಾಡಿಗಳು ನ್ಯಾಯಾಲಯದ ಮೆಟ್ಟಿಲು ಹತ್ತದೆಯೇ ಹೋಗುತ್ತವೆ ಎಂಬ ನನ್ನ ನಂಬಿಕೆಗೆ ಈ ವ್ಯಾನೇ ಕಾರಣ. ಮಾಲೀಕರು ಸಿಕ್ಕೂ ಒಯ್ಯಲು ಒಪ್ಪದಿದ್ದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 39ನೇ ಕಲಂನಡಿ ತೆರವಿನ ಆದೇಶ ಕೋರಿ ಸಿವಿಲ್ ದಾವೆ ಹೂಡುವ ದಾರಿಯಿದೆ. ನನಗೆ ಇದುವರೆಗೆ ಅದರ ಅಗತ್ಯ ಬಿದ್ದಿಲ್ಲ.

ಈಗ ನಾನು ಮಾಡಿಸುವ ಪ್ರತಿ ಬಾಡಿಗೆ ಕರಾರಿನಲ್ಲಿ ವಾಹನಕ್ಕೆಂದೇ ಒಂದು ಕಲಮು ಇರುತ್ತದೆ. ಅಂಗಳದಲ್ಲಿ ನಿಲ್ಲುವ ಪ್ರತಿ ಗಾಡಿಯ ಸಂಖ್ಯೆಯನ್ನು ಅದರಲ್ಲಿ ಬರೆಸುತ್ತೇನೆ, ಆರ್‌ಸಿಯ ಪ್ರತಿಯನ್ನು ಲಗತ್ತಿಸುತ್ತೇನೆ, ಊರಿನಲ್ಲಿರುವ ಹತ್ತಿರದ ಸಂಬಂಧಿಯೊಬ್ಬರ ವಿಳಾಸವನ್ನೂ ಪಡೆಯುತ್ತೇನೆ. ಮನೆ ಬಿಟ್ಟ ಹದಿನೈದು ದಿನದೊಳಗೆ ಗಾಡಿ ಒಯ್ಯದಿದ್ದರೆ, ಠಾಣೆಗೆ ಲಿಖಿತ ಮಾಹಿತಿ ಕೊಟ್ಟು, ಬಾಡಿಗೆದಾರರ ಖರ್ಚಿನಲ್ಲಿಯೇ ಅದನ್ನು ಸುರಕ್ಷಿತ ಜಾಗಕ್ಕೆ ಸಾಗಿಸಲು ಅವರು ಒಪ್ಪಿದ್ದಾರೆಂದು ಬರೆದು, ಆ ಕಲಮಿನ ಪಕ್ಕದಲ್ಲಿ ಬೇರೆಯಾಗಿ ಸಹಿ ಹಾಕಿಸುತ್ತೇನೆ. ಠೇವಣಿ ಹಣದ ಕೊನೆಯ ಭಾಗವನ್ನು ಅಂಗಳ ಖಾಲಿಯಾದದ್ದನ್ನು ಇಬ್ಬರೂ ಒಟ್ಟಿಗೆ ನೋಡಿದ ನಂತರವೇ ಹಿಂದಿರುಗಿಸುತ್ತೇನೆ.