ಮಗುವಿನ ಬಾಯಿ ಸೊಟ್ಟಗಾದರೆ ನಾನು ಕಿವಿಯನ್ನೂ ನೋಡುತ್ತೇನೆ

ಮಗುವಿನ ಮುಖ ಇದ್ದಕ್ಕಿದ್ದಂತೆ ಒಂದು ಕಡೆ ವಾಲಿದರೆ ಮನೆಯವರಿಗೆಲ್ಲ ಲಕ್ವದ ಭಯ. ಅದಕ್ಕೇ ನಾನು ಮೊದಲು ಹಣೆ ನೋಡುತ್ತೇನೆ. ಹುಬ್ಬು ಮೇಲೆತ್ತಿದಾಗ ಎರಡೂ ಕಡೆ ಗೆರೆ ಮೂಡಿ ಬಾಯಿ ಮಾತ್ರ ಸೊಟ್ಟಗಿದ್ದರೆ ತೊಂದರೆ ಮಿದುಳಿನದ್ದಿರಬಹುದು, ತಕ್ಷಣ ಸ್ಕ್ಯಾನ್ ಬೇಕು. ಹಣೆಯೂ ಅಲ್ಲಾಡದಿದ್ದರೆ ಸಾಮಾನ್ಯವಾಗಿ ಮುಖದ ನರಕ್ಕೇ ಪೆಟ್ಟಾಗಿರುತ್ತದೆ. ಪುಟ್ಟ ಮಕ್ಕಳು ಹೇಳಿದ ಮಾತು ಕೇಳೋದಿಲ್ಲ ಅಲ್ವಾ? ಅವರು ಅಳುವಾಗ ನೋಡುತ್ತೇನೆ. ಬಾಯಿ ಎಳೆದುಕೊಂಡ ಕಡೆಯೇ ಕೆಟ್ಟಿದೆ ಎಂದು ಎಷ್ಟೋ ತಂದೆ ತಾಯಿ ತೋರಿಸುತ್ತಾರೆ. ಆದರೆ ಬಾಯಿ ಎಳೆಯುವುದು ಸರಿ ಇರುವ ಕಡೆಗೆ.

ಆಮೇಲೆ ಕಿವಿ. ಈ ನರ ನಡುಗಿವಿಯ ಪಕ್ಕದಲ್ಲೇ ಮೂಳೆಯ ಕಿರಿದಾದ ಕೊಳವೆಯಲ್ಲಿ ಹಾದುಹೋಗುತ್ತದೆ. ಕೆಲವರಲ್ಲಿ ಆ ಮೂಳೆ ಅಲ್ಲಲ್ಲಿ ಇರುವುದೇ ಇಲ್ಲ. ಒಳಗೆ ಕೀವು ಕಟ್ಟಿದರೆ ನರ ಊದುತ್ತದೆ. ಕಿವಿಯ ತಮಟೆ ಕೆಂಪಾಗಿ ಉಬ್ಬಿದ್ದರೆ ಆ್ಯಂಟಿಬಯಾಟಿಕ್ ಶುರು ಮಾಡಿ, ಕೀವು ಹೊರಹೋಗಲು ತಮಟೆಯಲ್ಲಿ ಸಣ್ಣ ಸೀಳು ಹಾಕಬೇಕೇ ಎಂದು ಕಿವಿ ಡಾಕ್ಟರನ್ನು ಕೇಳುತ್ತೇನೆ. ಹೀಗೆ ಬಂದದ್ದು ಬಹುಮಟ್ಟಿಗೆ ಚೆನ್ನಾಗಿ ವಾಸಿಯಾಗುತ್ತದೆ. ಕಿವಿಯ ಹಿಂದೆ ಬಾವು ಬಂದು ಕಿವಿ ಮುಂದಕ್ಕೆ ತಳ್ಳಿದ್ದರೆ ಮಾತ್ರ ಮನೆಗೆ ಕಳಿಸುವುದಿಲ್ಲ, ಅಡ್ಮಿಟ್ ಮಾಡುತ್ತೇನೆ.

ಕಿವಿಯಲ್ಲೋ ಬಾಯಿಯ ಅಂಗಳದಲ್ಲೋ ನೀರ್ಗುಳ್ಳೆ ಇದೆಯೇ ಎಂದೂ ಹುಡುಕುತ್ತೇನೆ. ಚಿಕನ್‌ಪಾಕ್ಸ್ ತರುವ ವೈರಸ್ ನರದಲ್ಲೇ ಅಡಗಿದ್ದು ಮತ್ತೆ ಏಳುತ್ತದೆ. ಜೊತೆಗೆ ಕಿವಿ ಕೇಳಿಸದಿರಬಹುದು, ತಲೆ ತಿರುಗಬಹುದು. ವೈರಸ್ ತಡೆಯುವ ಅಸೈಕ್ಲೊವಿರ್ ಮತ್ತು ಸ್ಟೀರಾಯ್ಡ್ ಬೇಗ ಕೊಟ್ಟಷ್ಟೂ ಒಳ್ಳೆಯದು, ಏಕೆಂದರೆ ಇದು ಪೂರ್ತಿ ವಾಸಿಯಾಗದೆ ಉಳಿಯುವುದು ಜಾಸ್ತಿ. ಮಕ್ಕಳಲ್ಲಿ ಗುಳ್ಳೆ ಕೆಲವೊಮ್ಮೆ ಮುಖ ವಾಲಿದ ಮೇಲೆ ಬರುತ್ತದೆ. ಹಾಗಾಗಿ ದಿನಾ ಕಿವಿ ನೋಡುತ್ತಿರಿ ಎಂದು ತಾಯಂದಿರಿಗೆ ಒತ್ತಿ ಹೇಳುತ್ತೇನೆ.

ಯುರೋಪ್, ಉತ್ತರ ಅಮೆರಿಕದ ಉಣ್ಣೆ ಹುಳ ಇರುವ ಕಾಡುಗಳ ಕಡೆ ಹೋಗಿಬಂದ ಮಗುವಾದರೆ, ಆ ಹುಳ ಕಚ್ಚಿ ಬರುವ ಲೈಮ್ ರೋಗ ನೆನಪಿಗೆ ಬರಬೇಕು, ಅದರಲ್ಲೂ ಮುಖದ ಎರಡೂ ಕಡೆ ಸೋತಿದ್ದರೆ. ಉಣ್ಣೆ ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗಿರುವುದಿಲ್ಲ. ಮಂಗನಬಾವಿನಿಂದಲೂ ಅಪರೂಪಕ್ಕೆ ಹೀಗಾಗುತ್ತದೆ.

ಏನೂ ಸಿಗದಿದ್ದರೆ ಮಾತ್ರ ಬೆಲ್ಸ್ ಪಾಲ್ಸಿ, ಅಂದರೆ ಕಾರಣ ಗೊತ್ತಾಗದೆ ಮುಖದ ನರ ಸೋತದ್ದು, ಎನ್ನುತ್ತೇನೆ. ಅದರಲ್ಲೂ ಹರ್ಪಿಸ್ ವೈರಸ್‌ ಮೇಲೆ ಅನುಮಾನ ಇದ್ದೇ ಇದೆ. ದೊಡ್ಡವರಿಗೆ 72 ಗಂಟೆಯೊಳಗೆ ಕೊಟ್ಟ ಸ್ಟೀರಾಯ್ಡ್‌ನಿಂದ ಲಾಭವಿದೆ. ಮಕ್ಕಳಲ್ಲಿ ಹಾಗೆ ಹೇಳಲಾಗದು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ತಿಂಗಳ ಹೊತ್ತಿಗೆ ಸ್ಟೀರಾಯ್ಡ್ ಕೊಟ್ಟವರಿಗೂ ಕೊಡದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆರು ತಿಂಗಳಲ್ಲಿ ಬಹುತೇಕ ಮಕ್ಕಳು ಸರಿಹೋಗಿದ್ದರು. ಕೊಡುವುದೇ ಆದರೆ ಮೊದಲು ಬಿಪಿ ನೋಡಿ, ರಕ್ತಕಣ ಎಣಿಸುತ್ತೇನೆ. ರಕ್ತದ ಕ್ಯಾನ್ಸರ್ ಕೂಡ ಹೀಗೆ ಶುರುವಾಗಬಹುದು, ಸ್ಟೀರಾಯ್ಡ್ ಅದನ್ನು ಮರೆಮಾಡಿಬಿಡುತ್ತದೆ.

ಕಾರಣ ಯಾವುದೇ ಇರಲಿ, ರೆಪ್ಪೆ ಪೂರ್ತಿ ಮುಚ್ಚದೆ ಕಣ್ಣು ಒಣಗುವುದರಿಂದ ಕಣ್ಣನ್ನು ಅವತ್ತಿನಿಂದಲೇ ಕಾಪಾಡಬೇಕು. ಹಗಲು ಕಣ್ಣೀರಿನ ಡ್ರಾಪ್ಸ್, ರಾತ್ರಿ ಮುಲಾಮು ಹಚ್ಚಿ ರೆಪ್ಪೆ ಮುಚ್ಚಿ ಟೇಪ್. ಟೇಪ್ ಹಾಕುವುದನ್ನು ನಾನೇ ಒಮ್ಮೆ ಮಾಡಿ ತೋರಿಸಿ, ಅವರ ಕೈಯಲ್ಲೂ ಮಾಡಿಸುತ್ತೇನೆ. ಕಣ್ಣು ಕೆಂಪಾದರೆ, ನೋವು ಬಂದರೆ ಅದೇ ದಿನ ಬರಬೇಕು.