ಜೋಡಿ ಗದ್ಯಭಾಗಗಳಲ್ಲಿ ಲೇಖಕರ ಧೋರಣೆಯನ್ನು ಗುರುತಿಸುವ ಬಗೆ

ಅಮೆರಿಕದ ಕಾನೂನು ಕಾಲೇಜುಗಳ ಪ್ರವೇಶಕ್ಕಾಗಿ ನಡೆಯುವ ಎಲ್‌ಸ್ಯಾಟ್ ಪರೀಕ್ಷೆಯ ಓದಿನ ವಿಭಾಗದಲ್ಲಿ 2007ರಿಂದ ಪರಸ್ಪರ ಸಂಬಂಧವುಳ್ಳ ಎರಡು ಗದ್ಯಭಾಗಗಳನ್ನು ಜೊತೆಯಾಗಿ ಕೊಡಲಾಗುತ್ತಿದ್ದು, ಇಬ್ಬರು ಲೇಖಕರ ಧೋರಣೆ ಹೇಗೆ ಭಿನ್ನ ಎಂಬ ಪ್ರಶ್ನೆ ಅಲ್ಲಿ ಬರುವುದುಂಟು.

ಮೊದಲ ಭಾಗವನ್ನು ಓದಿದೊಡನೆ, ಎರಡನೆಯದಕ್ಕೆ ಹೋಗುವ ಮುನ್ನವೇ, ಅದರ ಧೋರಣೆಯನ್ನು ಒಂದೆರಡು ಪದಗಳಲ್ಲಿ ಬರೆದಿಟ್ಟುಕೊಳ್ಳಿ. ಎರಡನ್ನೂ ಓದಿ ಮುಗಿಸಿದ ಮೇಲೆ ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿಕೊಳ್ಳುತ್ತದೆ. ಧೋರಣೆ ಹೆಚ್ಚಾಗಿ ಬಯಲಾಗುವುದು ವಿಶೇಷಣಗಳಲ್ಲಿ, ಕ್ರಿಯಾಪದದ ಆಯ್ಕೆಯಲ್ಲಿ ಮತ್ತು ‘ಆದರೆ’ ಎಂಬುದರ ನಂತರದ ಮಾತಿನಲ್ಲಿ. ‘ಈ ತೀರ್ಪು ಗೊಂದಲವನ್ನು ತಕ್ಕಮಟ್ಟಿಗೆ ಕಡಿಮೆ ಮಾಡಿದೆ’ ಎಂಬುದು ಎಚ್ಚರದ ಮೆಚ್ಚುಗೆ. ‘ಗೊಂದಲವನ್ನು ಕಡಿಮೆ ಮಾಡಿದೆಯೆಂದು ಹೇಳಿಕೊಳ್ಳಲಾಗುತ್ತಿದೆ’ ಎಂಬುದರಲ್ಲಿ ಸಂಶಯವಿದೆ. ಲೇಖಕರು ಅನ್ಯರ ಅಭಿಪ್ರಾಯವನ್ನು ಉಲ್ಲೇಖಿಸಿದಾಗ ಅದನ್ನು ಲೇಖಕರದೇ ಎಂದು ಭಾವಿಸುವ ತಪ್ಪು ತೀರಾ ಸಾಮಾನ್ಯವಾದ್ದರಿಂದ, ಮಾತು ಯಾರದೆಂದು ಪ್ರತಿ ವಾಕ್ಯದಲ್ಲೂ ಕೇಳಿಕೊಳ್ಳಬೇಕು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ಅಭ್ಯಾಸ.

ಉತ್ತರದ ಆಯ್ಕೆಗಳಲ್ಲಿ ‘ತಿರಸ್ಕಾರ’, ‘ಅಪಾರ ಉತ್ಸಾಹ’ ಮುಂತಾದ ತೀವ್ರ ಪದಗಳು ಕಂಡರೆ, ಅವಕ್ಕೆ ಆಧಾರವಾಗುವ ವಾಕ್ಯವನ್ನು ಬೆರಳಿಟ್ಟು ತೋರಿಸಲು ಸಾಧ್ಯವೇ ಎಂದು ನೋಡಿ. ಇಬ್ಬರ ಧೋರಣೆಯನ್ನೂ ಹೇಳುವ ಆಯ್ಕೆಯಲ್ಲಿ ಅರ್ಧ ತಪ್ಪಿದ್ದರೂ ಇಡೀ ಆಯ್ಕೆ ಬಿದ್ದುಹೋಗುತ್ತದೆ. ಆದ್ದರಿಂದ ನಿಮಗೆ ಹೆಚ್ಚು ಖಚಿತವಾಗಿರುವ ಲೇಖಕರಿಂದಲೇ ಆರಂಭಿಸಿ, ಹೊಂದದ ಆಯ್ಕೆಗಳನ್ನು ಹೊಡೆದುಹಾಕುತ್ತಾ ಬನ್ನಿ.