ಹಳೆಯ ಬಡಾವಣೆಯಲ್ಲಿ ಬಾಡಿಗೆ ಮನೆ: ಕರಾರಿಗೆ ಸಹಿ ಹಾಕುವ ಮುನ್ನ

ಬೆಂಗಳೂರಿನಲ್ಲಿ 1898ರ ಪ್ಲೇಗಿನ ಬಳಿಕ ಬೆಳೆದ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಹೆಂಚಿನ ಮನೆಗಳೂ ವಠಾರಗಳೂ ಒಂದೊಂದಾಗಿ ನೆಲಕ್ಕುರುಳಿ, ಕೆಳಗೆ ಕಾರು ನಿಲ್ಲಿಸುವ ಜಾಗವಿರುವ ಮಹಡಿ ಕಟ್ಟಡಗಳು ಏಳುತ್ತಿವೆ. ಮೆಟ್ರೊ 2014ರಲ್ಲಿ ಸಂಪಿಗೆ ರಸ್ತೆಗೂ 2017ರಲ್ಲಿ ನ್ಯಾಷನಲ್ ಕಾಲೇಜಿಗೂ ಬಂದ ಮೇಲೆ ಈ ಬಡಾವಣೆಗಳ ನಿವೇಶನಗಳು ಇನ್ನಷ್ಟು ಬೆಲೆಬಾಳುತ್ತಿವೆ. ಇಂಥ ಕಡೆ ಬಾಡಿಗೆದಾರರು ಬಾಡಿಗೆ ಏರಿಕೆಗಿಂತ ಹೆಚ್ಚಾಗಿ ಅಂಜಬೇಕಾದದ್ದು, ಇರುವ ಮನೆಯೇ ಅವಧಿಗೆ ಮುನ್ನ ಬಿಲ್ಡರ್ ಕೈಸೇರುವುದಕ್ಕೆ.

ಆದ್ದರಿಂದ ಮನೆ ಒಪ್ಪಿಗೆಯಾದ ಕೂಡಲೇ ಖಾತಾ (ಆಸ್ತಿ ಯಾರ ಹೆಸರಿನಲ್ಲಿದೆ ಎಂದು ತಿಳಿಸುವ ಪಾಲಿಕೆಯ ದಾಖಲೆ) ಮತ್ತು ಈ ವರ್ಷದ ಆಸ್ತಿ ತೆರಿಗೆ ರಸೀದಿಯನ್ನು ಕೇಳಿ ನೋಡಬೇಕು. ಹಳೆಯ ಮನೆಗಳು ಅನೇಕ ವೇಳೆ ಅಣ್ಣತಮ್ಮಂದಿರು, ಅಕ್ಕತಂಗಿಯರ ಜಂಟಿ ಆಸ್ತಿಯಾಗಿರುತ್ತವೆ. ಒಬ್ಬರು ಬಾಡಿಗೆಗೆ ಕೊಟ್ಟು ಉಳಿದವರು ಮಾರಾಟದ ಮಾತುಕತೆಯಲ್ಲಿದ್ದರೆ ತೊಂದರೆ ನಿಮ್ಮದೇ. ಖಾತೆಯಲ್ಲಿ ಹೆಸರಿರುವ ಎಲ್ಲರೂ ಸಹಿ ಹಾಕಲಿ, ಇಲ್ಲವೇ ಸಹಿ ಹಾಕುವವರ ಬಳಿ ಅಧಿಕಾರ ಪತ್ರವಿರಲಿ. ಹೊಸ ಕಟ್ಟಡ ಕಟ್ಟಿ ಪಾಲು ಹಂಚಿಕೊಳ್ಳಲು ಬಿಲ್ಡರ್ ಜೊತೆ ಜಂಟಿ ಅಭಿವೃದ್ಧಿ ಒಪ್ಪಂದವೇನಾದರೂ ನಡೆದಿದೆಯೇ ಎಂದು ಮಾಲೀಕರನ್ನು ನೇರವಾಗಿ ಕೇಳಲು ಸಂಕೋಚ ಬೇಡ. ಬೀದಿಯ ಮೂಲೆಯ ಇಸ್ತ್ರಿ ಅಂಗಡಿಯವರನ್ನೂ ವಿಚಾರಿಸಿ. ಯಾವ ಮನೆಯ ಮುಂದೆ ಅಳತೆ ಟೇಪು ಹಿಡಿದು ಯಾರು ನಿಂತಿದ್ದರೆಂಬುದು ಅವರಿಗೆ ತಿಳಿದಿರುತ್ತದೆ.

ಕರಾರಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಸಿಗುವುದಿಲ್ಲವಾದ್ದರಿಂದ, ಈಗ ಮನೆ ಹುಡುಕುವ ಬಹುತೇಕರಿಗೆ ಕರಾರೇ ಮುಖ್ಯ ಆಸರೆ. ಅದರಲ್ಲಿ ನೋಟಿಸಿನ ಮಾತೇ ಇಲ್ಲದಿದ್ದರೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ ತಿಂಗಳ ಬಾಡಿಗೆಯ ಮನೆಯನ್ನು ತೆರವು ಮಾಡಿಸಲು 15 ದಿನಗಳ ನೋಟಿಸು ಸಾಕು. ಶಾಲೆಗೆ ಹೋಗುವ ಮಕ್ಕಳಿರುವ ಕುಟುಂಬಕ್ಕೆ ಅಷ್ಟರಲ್ಲಿ ಅದೇ ಬಡಾವಣೆಯಲ್ಲಿ ಇನ್ನೊಂದು ಮನೆ ಸಿಗುವುದು ಕಷ್ಟ. ಕನಿಷ್ಠ ಮೂರು ತಿಂಗಳ ನೋಟಿಸು, ಮೊದಲ ವರ್ಷ ತೆರವು ಕೇಳಬಾರದೆಂಬ ಷರತ್ತು, ವರ್ಷಕ್ಕೆ ಶೇಕಡಾ ಇಷ್ಟೇ ಏರಿಕೆ ಎಂಬ ಮಾತು, ಈ ಮೂರನ್ನೂ ಬರೆಸಿ. ಒಂದು ವರ್ಷ ಮೀರಿದ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಖರ್ಚು ತಪ್ಪಿಸಲೆಂದೇ 11 ತಿಂಗಳ ರೂಢಿ ಬೆಳೆದಿದೆ. ಮಾಲೀಕರು ಒಪ್ಪುವುದಾದರೆ ಮೂರು ವರ್ಷಕ್ಕೆ ನೋಂದಾಯಿತ ಕರಾರು ಮಾಡಿಕೊಳ್ಳುವುದು, ಖರ್ಚನ್ನು ನೀವೇ ಭರಿಸಬೇಕಾಗಿ ಬಂದರೂ, ಲೇಸು.

ಮುಂಗಡದ ಹಣವನ್ನು ಬ್ಯಾಂಕ್ ಖಾತೆಯ ಮೂಲಕವೇ ಕೊಡಿ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ಬೆಂಗಳೂರಿನ ಹಳೆಯ ಪದ್ಧತಿಗೆ ಕಾನೂನಿನ ಒತ್ತಾಯವೇನಿಲ್ಲ, ಚೌಕಾಸಿ ಮಾಡಬಹುದು. ಮನೆ ಮಾರಾಟವಾದರೆ ಅದೇ ಸ್ವತ್ತು ವರ್ಗಾವಣೆ ಕಾಯ್ದೆಯ 109ನೇ ಕಲಮಿನ ಪ್ರಕಾರ ಹೊಸ ಮಾಲೀಕರು ಹಳಬರ ಸ್ಥಾನಕ್ಕೆ ಬರುತ್ತಾರಾದರೂ, ಮುಂಗಡ ಯಾರು ಹಿಂದಿರುಗಿಸಬೇಕೆಂಬ ವಾದ ಏಳುವುದುಂಟು. ‘ಸ್ವತ್ತು ಪರಭಾರೆಯಾದಲ್ಲಿ ಕ್ರಯದ ದಿನವೇ ಮುಂಗಡವನ್ನು ಹಿಂದಿರುಗಿಸತಕ್ಕದ್ದು ಅಥವಾ ಕ್ರಯಪತ್ರದಲ್ಲಿ ಅದರ ಹೊಣೆಯನ್ನು ನಮೂದಿಸತಕ್ಕದ್ದು’ ಎಂಬ ಒಂದು ವಾಕ್ಯ ಕರಾರಿನಲ್ಲಿರಲಿ. ಖಾಲಿ ಮಾಡುವಾಗ ಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆಂಬುದನ್ನೂ ಈಗಲೇ ನಿಗದಿಪಡಿಸಿ.

ತಿಂಗಳ ಬಾಡಿಗೆಯ ಬದಲು ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಟ್ಟು ಭೋಗ್ಯಕ್ಕೆ ಹೋಗುವವರು, ಆಸ್ತಿಯ ಮೇಲಿನ ನೋಂದಾಯಿತ ಸಾಲ, ಅಡಮಾನಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ ತೆಗೆಸದೆ ಒಂದು ರೂಪಾಯಿಯನ್ನೂ ಕೊಡಬಾರದು. ಮನೆಯ ಮೇಲೆ ಬ್ಯಾಂಕಿನ ಸಾಲವಿದ್ದು ಅದು ತೀರದೆ ಹೋದರೆ, ಲಕ್ಷಗಟ್ಟಲೆ ಕೊಟ್ಟವರೂ ಬೀದಿಗೆ ಬೀಳಬೇಕಾಗುತ್ತದೆ.

ಬೀಗದ ಕೈ ಪಡೆಯುವ ದಿನ ಸ್ನಾನದ ಮನೆಯ ಗೋಡೆಯ ತೇವ, ಜಂತಿಯ ಗೆದ್ದಲು, ನೆಲದಡಿಯ ತೊಟ್ಟಿಗೆ (ಸಂಪ್) ಕಾವೇರಿ ನೀರು ಬೀಳುವ ದಿನ, ಇವನ್ನು ನೋಡಿ, ಚಿತ್ರ ತೆಗೆದು ಮಾಲೀಕರಿಗೆ ವಾಟ್ಸ್ಆ್ಯಪಿನಲ್ಲಿ ಕಳುಹಿಸಿ. ಸಾಲಾಗಿ ಕೂರಿಸಿದ ವಿದ್ಯುತ್ ಮೀಟರುಗಳಲ್ಲಿ ನಿಮ್ಮದು ಯಾವುದೆಂದು ಮೇನ್ ಆರಿಸಿ ಖಚಿತಪಡಿಸಿಕೊಂಡು, ಅದರ ಆರ್‌ಆರ್ ಸಂಖ್ಯೆಯನ್ನು (ವಿದ್ಯುತ್ ಸಂಪರ್ಕದ ನೋಂದಣಿ ಸಂಖ್ಯೆ) ಕರಾರಿನಲ್ಲಿ ಬರೆಸಿ. ಬಾಡಿಗೆದಾರರು ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ ಅರ್ಜಿ ಹಾಕುವಾಗ ಆ ಮೀಟರಿನ ಬಿಲ್ಲಿನಲ್ಲಿರುವ ಖಾತೆ ಸಂಖ್ಯೆ (ಅಕೌಂಟ್ ಐಡಿ) ಬೇಕಾಗುತ್ತದೆ. ಹಿಂದಿನವರ ಆಧಾರ್ ಜೋಡಣೆ ಇನ್ನೂ ಉಳಿದಿದ್ದರೆ ಅದನ್ನು ಮೊದಲು ತೆಗೆಸಬೇಕು.